ರೆಕ್ಕೆ ತೋರಿಸುವ ಜಾಗ: ಚಿಟ್ಟೆಯ ಸಮೀಪಚಿತ್ರದ ಹಿಂದಿನ ಲೆಕ್ಕ

ಹೂವಿನ ಮೇಲೆ ಕುಳಿತ ಚಿಟ್ಟೆಯ ಚಿತ್ರವನ್ನು ತೀರ ಹತ್ತಿರದಿಂದ ತೆಗೆದು, ಆಮೇಲೆ ದೊಡ್ಡ ಪರದೆಯಲ್ಲಿ ತೆರೆದು ನೋಡಿದವರಿಗೆಲ್ಲ ಪರಿಚಿತವಾದ ನಿರಾಶೆಯೊಂದಿದೆ. ಕಣ್ಣು ಸ್ಫುಟವಾಗಿ ಮೂಡಿದ್ದರೆ ಹಿಂದಿನ ರೆಕ್ಕೆಯ ಅಂಚು ಮಸುಕಾಗಿರುತ್ತದೆ. ರೆಕ್ಕೆಯ ಚಿತ್ತಾರ ಚೆನ್ನಾಗಿ ಬಂದಿದ್ದರೆ ಮೀಸೆಗಳು ಮಂಜಿನಲ್ಲಿ ಕರಗಿದಂತೆ ಕಾಣುತ್ತವೆ. ಕೈ ಅಲುಗಿತೋ, ಲೆನ್ಸ್ ಸಾಲದಾಯಿತೋ ಎಂದು ಅನುಮಾನಿಸುವುದು ಸಹಜ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ತಪ್ಪಿರುವುದು ಕೈಯಲ್ಲಾಗಲೀ ಲೆನ್ಸಿನಲ್ಲಾಗಲೀ ಅಲ್ಲ, ನಾವು ನಿಂತ ಜಾಗದಲ್ಲಿ. ಚಿಟ್ಟೆಯ ಸಮೀಪಚಿತ್ರದಲ್ಲಿ ಕ್ಯಾಮೆರಾ ಎಲ್ಲಿರಬೇಕೆಂಬುದನ್ನು ತೀರ್ಮಾನಿಸುವುದು ಛಾಯಾಗ್ರಾಹಕನಲ್ಲ, ರೆಕ್ಕೆ. ಇದು ಹೇಗೆಂದು ತಿಳಿಯಲು ಮೊದಲು ಸ್ವಲ್ಪ ಲೆಕ್ಕ ನೋಡಬೇಕು.

ಸಾಮಾನ್ಯ ಲೆನ್ಸೊಂದು ನಿಜವಾಗಿ ಸ್ಫುಟವಾಗಿ ಕಾಣಿಸುವುದು ತನ್ನ ಮುಂದಿನ ಒಂದೇ ಒಂದು ಸಮತಲವನ್ನು. ಆ ಸಮತಲ ಕ್ಯಾಮೆರಾದೊಳಗೆ ಬಿಂಬ ಬೀಳುವ ಫಲಕಕ್ಕೆ, ಅಂದರೆ ಸೆನ್ಸರಿಗೆ, ಸಮಾನಾಂತರವಾಗಿರುತ್ತದೆ. ಅದರ ಹಿಂದೆಯೂ ಮುಂದೆಯೂ ಒಂದಿಷ್ಟು ದೂರದವರೆಗೆ ನಮ್ಮ ಕಣ್ಣು ಮಸುಕನ್ನು ಗುರುತಿಸಲಾರದು. ಈ ದಪ್ಪಕ್ಕೆ ಡೆಪ್ತ್ ಆಫ್ ಫೀಲ್ಡ್ ಎನ್ನುತ್ತಾರೆ. ಬೆಟ್ಟದ ಚಿತ್ರ ತೆಗೆಯುವಾಗ ಈ ದಪ್ಪ ನೂರಾರು ಮೀಟರುಗಳಷ್ಟಿರುವುದರಿಂದ ಅದರ ಬಗ್ಗೆ ಯೋಚಿಸಬೇಕಾದ ಅಗತ್ಯವೇ ಬೀಳುವುದಿಲ್ಲ. ಚಿಟ್ಟೆಯ ಹತ್ತಿರ ಹೋದಂತೆ ಅದು ತೆಳ್ಳಗಾಗುತ್ತ ಬಂದು, ಕೊನೆಗೆ ರಟ್ಟಿನ ಹಾಳೆಯಷ್ಟೇ ಉಳಿಯುತ್ತದೆ. ಚಿಟ್ಟೆಯ ಯಾವ ಭಾಗ ಈ ಹಾಳೆಯ ಒಳಗೆ ಬರುತ್ತದೆಯೋ ಅದಷ್ಟೇ ಸ್ಪಷ್ಟ, ಮಿಕ್ಕದ್ದೆಲ್ಲ ಮಸುಕು.

ಹಾಳೆ ಎಷ್ಟು ತೆಳ್ಳಗಿರುತ್ತದೆ? ಇದಕ್ಕೆ ಉತ್ತರಿಸಲು ಹಿಗ್ಗುವಿಕೆಯ ಅನುಪಾತ ಎಂಬ ಮಾತು ಬೇಕು. ಸೆನ್ಸರ್ ಮೇಲೆ ಬೀಳುವ ಬಿಂಬ ವಸ್ತುವಿನಷ್ಟೇ ದೊಡ್ಡದಾಗಿದ್ದರೆ ಅದು 1:1, ಅರ್ಧದಷ್ಟಿದ್ದರೆ 1:2. ಫುಲ್ ಫ್ರೇಮ್ ಸೆನ್ಸರಿನ ಅಳತೆ 36 x 24 ಮಿಲಿಮೀಟರ್. ರೆಕ್ಕೆ ಮಡಚಿ ಕುಳಿತ ಮಧ್ಯಮ ಗಾತ್ರದ ಚಿಟ್ಟೆ ತಲೆಯಿಂದ ಹಿಂಬದಿಯ ಅಂಚಿನವರೆಗೆ 40 ಮಿಲಿಮೀಟರ್ ಇದೆ ಎಂದುಕೊಳ್ಳೋಣ. 1:2 ಅನುಪಾತದಲ್ಲಿ ಅದರ ಬಿಂಬ 20 ಮಿಲಿಮೀಟರ್ ಆಗಿ, ಚೌಕಟ್ಟಿನ ಅರ್ಧಕ್ಕಿಂತ ತುಸು ಹೆಚ್ಚು ಜಾಗವನ್ನು ತುಂಬುತ್ತದೆ. ಈ ಅನುಪಾತದಲ್ಲಿ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ, ಎಫ್/8 ಇಟ್ಟರೆ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು), ಛಾಯಾಗ್ರಹಣದಲ್ಲಿ ವಾಡಿಕೆಯಲ್ಲಿರುವ ಮಾನದಂಡದ ಪ್ರಕಾರ, ಸ್ಫುಟತೆಯ ದಪ್ಪ ಸುಮಾರು 3 ಮಿಲಿಮೀಟರ್ ಮಾತ್ರ. 1:1ಕ್ಕೆ ಹೋದರೆ ಅದು ಸುಮಾರು 1 ಮಿಲಿಮೀಟರಿಗೆ ಇಳಿಯುತ್ತದೆ. ಹಿಂದೆ ಸರಿದು 1:4 ಅನುಪಾತಕ್ಕೆ ಬಂದರೆ 9ರಿಂದ 10 ಮಿಲಿಮೀಟರ್ ಸಿಗುತ್ತದೆ. ಹಿಗ್ಗುವಿಕೆ ದುಪ್ಪಟ್ಟಾದಾಗ ದಪ್ಪ ಅರ್ಧವಾಗುವುದಲ್ಲ, ಹೆಚ್ಚುಕಡಿಮೆ ಮೂರನೆಯ ಒಂದು ಭಾಗಕ್ಕೆ ಕುಸಿಯುತ್ತದೆ ಎಂಬುದನ್ನು ಗಮನಿಸಬೇಕು. ಆದ್ದರಿಂದ ಚಿಟ್ಟೆಯಿಂದ ಚೌಕಟ್ಟನ್ನು ಪೂರ್ತಿ ತುಂಬಿಸಿಬಿಡುವ ಆಸೆಯನ್ನು ಮೊದಮೊದಲು ಹತ್ತಿಕ್ಕುವುದು ಒಳ್ಳೆಯದು. ಸ್ವಲ್ಪ ದೂರದಿಂದ ತೆಗೆದು ಆಮೇಲೆ ಅಂಚುಗಳನ್ನು ಕತ್ತರಿಸಿದ ಚಿತ್ರ ಎಷ್ಟೋ ಸಲ ಹೆಚ್ಚು ತೃಪ್ತಿ ಕೊಡುತ್ತದೆ.

ಹಾಗಾದರೆ ಅಪರ್ಚರನ್ನು ಇನ್ನಷ್ಟು ಕಿರಿದು ಮಾಡಿದರೆ ಸಾಕಲ್ಲ ಎಂಬ ಪ್ರಶ್ನೆ ಬರುತ್ತದೆ. ಮಾಡಬಹುದು, ಆದರೆ ಅದಕ್ಕೂ ಒಂದು ಮಿತಿಯಿದೆ. ಬೆಳಕು ಕಿರಿದಾದ ಕಿಂಡಿಯಿಂದ ಹಾಯುವಾಗ ಅಂಚುಗಳಲ್ಲಿ ಚದುರಿ ಹರಡಿಕೊಳ್ಳುತ್ತದೆ. ವಿವರ್ತನೆ ಎಂದು ಕರೆಯುವ ಈ ಗುಣದಿಂದಾಗಿ ಇಡೀ ಚಿತ್ರವೇ ಸ್ವಲ್ಪ ಮೆತ್ತಗಾಗುತ್ತದೆ. ಜೊತೆಗೆ ಸಮೀಪ ಛಾಯಾಗ್ರಹಣದಲ್ಲಿ ಲೆನ್ಸಿನ ಮೇಲೆ ಬರೆದ ಎಫ್ ಸಂಖ್ಯೆಗಿಂತ ನಿಜವಾದ ಪರಿಣಾಮ ಹೆಚ್ಚು ಕಿರಿದಾಗಿರುತ್ತದೆ: 1:2ರಲ್ಲಿ ಎಫ್/16 ಎಂದರೆ ಅದು ಎಫ್/24ರಂತೆ, 1:1ರಲ್ಲಿ ಎಫ್/32ರಂತೆ ವರ್ತಿಸುತ್ತದೆ. ಹೀಗಾಗಿ ಎಫ್/16ಕ್ಕೆ ಹೋದಾಗ ದಪ್ಪ 6 ಮಿಲಿಮೀಟರಿನ ಹತ್ತಿರಕ್ಕೆ ಹೆಚ್ಚಿದರೂ ರೆಕ್ಕೆಯ ಮೇಲಿನ ಸೂಕ್ಷ್ಮ ಹುರುಪೆಗಳ ಸಾಲು ಮಂಕಾಗುತ್ತದೆ, ಬೆಳಕೂ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬಹುಪಾಲು ಚಿತ್ರಗಳಿಗೆ ಎಫ್/8ರಿಂದ ಎಫ್/11ರ ನಡುವೆ ಇರುವುದೇ ಲೇಸೆಂದು ನಾನು ಭಾವಿಸುತ್ತೇನೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ರೆಕ್ಕೆ ಮಡಚಿದ ಚಿಟ್ಟೆಯೆಂದರೆ ಸ್ವತಃ ಒಂದು ಹಾಳೆ. ಅದರ ದಪ್ಪ ಎರಡು ಮೂರು ಮಿಲಿಮೀಟರನ್ನು ಮೀರುವುದು ಕಡಿಮೆ. ಅಂದರೆ ಸ್ಫುಟತೆಯ ಹಾಳೆಯನ್ನು ರೆಕ್ಕೆಯ ಹಾಳೆಯ ಮೇಲೆ ಸರಿಯಾಗಿ ಹೊಂದಿಸಿ ಇಡಲು ಸಾಧ್ಯವಾದರೆ 3 ಮಿಲಿಮೀಟರ್ ಧಾರಾಳವಾಗಿ ಸಾಕು. ಕ್ಯಾಮೆರಾ ಓರೆಯಾದರೆ ಏನಾಗುತ್ತದೆ? 40 ಮಿಲಿಮೀಟರ್ ಉದ್ದದ ರೆಕ್ಕೆಗೆ ಕ್ಯಾಮೆರಾ ಕೇವಲ 10 ಡಿಗ್ರಿ ಓರೆಯಾಗಿದ್ದರೂ ಅದರ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 7 ಮಿಲಿಮೀಟರ್ ದೂರಕ್ಕೆ ಹೋಗುತ್ತದೆ. ಇರುವ ದಪ್ಪ 3, ಬೇಕಾದದ್ದು 7. ಎಫ್/16 ಕೂಡ ಇಲ್ಲಿ ರಕ್ಷಿಸಲಾರದು. ಅದೇ ಓರೆ 3 ಡಿಗ್ರಿಗೆ ಇಳಿದರೆ ವ್ಯತ್ಯಾಸ 2 ಮಿಲಿಮೀಟರ್ ಮಾತ್ರ, ಎಲ್ಲವೂ ಹಾಳೆಯ ಒಳಗೆ ಬರುತ್ತದೆ. 10 ಡಿಗ್ರಿ ಎಂದರೆ ಕಣ್ಣಿಗೆ ಓರೆಯೆಂದೇ ಅನ್ನಿಸದಷ್ಟು ಅಲ್ಪ ವ್ಯತ್ಯಾಸ. ನಿಂತಲ್ಲಿಂದ ಕ್ಯಾಮೆರಾ ಬಗ್ಗಿಸಿ ತೆಗೆದ ಚಿತ್ರಗಳು ಹಾಳಾಗುವುದು ಇಲ್ಲಿಯೇ.

ಹುಲ್ಲಿನ ತೆನೆಯ ಮೇಲೆ ಕುಳಿತ ಸಣ್ಣ ನೀಲಿ ಚಿಟ್ಟೆಯೊಂದನ್ನು ಎದುರಿಗಿಟ್ಟುಕೊಂಡು ಇದನ್ನು ಹೊಂದಿಸುವ ಬಗೆಯನ್ನು ನೋಡಬಹುದು. ಅದು ನೆಲದಿಂದ ಒಂದು ಗೇಣು ಎತ್ತರದಲ್ಲಿದೆ, ರೆಕ್ಕೆ ಮಡಚಿದೆ, ತಲೆ ಕೆಳಗೆ ಮಾಡಿದೆ. ಮೊದಲು ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯದೆ ಚಿಟ್ಟೆಯನ್ನು ಎದುರಿನಿಂದ, ಅಂದರೆ ಅದರ ಮುಖದ ಕಡೆಯಿಂದಲೋ ಬೆನ್ನಿನ ಕಡೆಯಿಂದಲೋ ನೋಡಬೇಕು. ಆಗ ಮಡಚಿದ ರೆಕ್ಕೆಗಳು ಒಂದು ಗೆರೆಯಂತೆ ಕಾಣುತ್ತವೆ. ಆ ಗೆರೆ ನೆಟ್ಟಗಿದೆಯೋ, ಬಲಕ್ಕೆ ವಾಲಿದೆಯೋ, ಎಷ್ಟು ವಾಲಿದೆಯೋ ತಿಳಿದುಕೊಂಡ ಮೇಲೆ, ಆ ಗೆರೆಗೆ ಲೆನ್ಸಿನ ಕೊಳವೆ ಲಂಬವಾಗಿ ನಿಲ್ಲುವ ಜಾಗ ಎಲ್ಲಿದೆ ಎಂದು ಹುಡುಕಬೇಕು. ಆ ಜಾಗ ಬಹುತೇಕ ನೆಲದ ಮಟ್ಟದಲ್ಲೇ ಇರುತ್ತದೆ. ಆದ್ದರಿಂದ ಮೊಣಕಾಲೂರಿ, ಮೊಣಕೈಯನ್ನೂ ಊರಿ, ಕೆಲವೊಮ್ಮೆ ಹೊಟ್ಟೆಯ ಮೇಲೆ ಮಲಗಬೇಕಾಗುತ್ತದೆ. ಕ್ಯಾಮೆರಾ ಕಣ್ಣಿಗೆ ಬಂದ ಮೇಲೆ ನಾಲ್ಕು ಕಡೆ ನೋಡಬೇಕು: ಕಣ್ಣು, ಮುಂದಿನ ರೆಕ್ಕೆಯ ತುದಿ, ಹಿಂದಿನ ರೆಕ್ಕೆಯ ಮೂಲೆ, ಮೀಸೆಯ ಗುಂಡು ತುದಿ. ಮುಂದಿನ ರೆಕ್ಕೆಯ ತುದಿ ಮಾತ್ರ ಮಸುಕಾಗಿದ್ದರೆ ಕ್ಯಾಮೆರಾ ಮೇಲಕ್ಕೋ ಕೆಳಕ್ಕೋ ಒಂದು ಬೆರಳಿನಷ್ಟು ಸರಿಯಬೇಕು. ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ ತಪ್ಪುತ್ತಿದ್ದರೆ ಎಡಕ್ಕೋ ಬಲಕ್ಕೋ ಸರಿಯಬೇಕು. ಎರಡು ಮೀಸೆಗಳೂ ಒಂದೇ ಸಮತಲದಲ್ಲಿ ಇರಲಾರವು. ನಮ್ಮ ಕಡೆಯ ಮೀಸೆ ಸ್ಫುಟವಾಗಿದ್ದರೆ ಸಾಕು.

ಈ ಹಂತದಲ್ಲಿ ಫೋಕಸ್ ರಿಂಗ್ ತಿರುಗಿಸುತ್ತ ಕೂರುವುದಕ್ಕಿಂತ, ಬೇಕಾದ ಅನುಪಾತಕ್ಕೆ ಫೋಕಸನ್ನು ಕಟ್ಟಿಟ್ಟು, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗಿ, ಕಣ್ಣು ಸ್ಫುಟವಾಗುವ ಕ್ಷಣದಲ್ಲಿ ಮೂರು ನಾಲ್ಕು ಚಿತ್ರಗಳನ್ನು ಒಟ್ಟಿಗೆ ತೆಗೆಯುವುದು ಹೆಚ್ಚು ಫಲ ಕೊಡುತ್ತದೆ. ಆಟೋಫೋಕಸ್ ಬಳಸುವವರು ಒಂದೇ ಬಿಂದುವನ್ನು ಆರಿಸಿ ಅದನ್ನು ಕಣ್ಣಿನ ಮೇಲಿಡಬೇಕು. ಎಲ್ಲವನ್ನೂ ಕ್ಯಾಮೆರಾದ ಆಯ್ಕೆಗೆ ಬಿಟ್ಟರೆ ಅದು ತನಗೆ ಹತ್ತಿರವಿರುವ ದಳವನ್ನೋ ಹುಲ್ಲಿನ ಎಳೆಯನ್ನೋ ಹಿಡಿದುಕೊಳ್ಳುತ್ತದೆ.

ರೆಕ್ಕೆ ಪೂರ್ತಿ ಬಿಚ್ಚಿ ಕುಳಿತ ಚಿಟ್ಟೆಯಲ್ಲಿ ಸಮತಲ ಆಕಾಶಕ್ಕೆ ಮುಖ ಮಾಡಿರುತ್ತದೆ, ಆದ್ದರಿಂದ ಮೇಲಿನಿಂದ ನೇರವಾಗಿ ನೋಡಬೇಕು. ಆಗ ದೇಹ ರೆಕ್ಕೆಗಿಂತ ಸ್ವಲ್ಪ ಮೇಲಕ್ಕೆ ಉಬ್ಬಿರುತ್ತದೆಯಾದ್ದರಿಂದ ಎಫ್/11 ಅನುಕೂಲ. ಅರ್ಧ ಬಿಚ್ಚಿದ ರೆಕ್ಕೆಗಳೇ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ಎರಡು ಸಮತಲಗಳು ಇಂಗ್ಲಿಷಿನ ವಿ ಅಕ್ಷರದಂತೆ ಕೂಡಿರುತ್ತವೆ. ಎರಡನ್ನೂ ಸ್ಫುಟಗೊಳಿಸಲು ಹೋಗಿ ಎರಡನ್ನೂ ಕಳೆದುಕೊಳ್ಳುವುದಕ್ಕಿಂತ, ಎದುರಿನಿಂದ ಬಂದು ಕಣ್ಣು ಮತ್ತು ಹೀರುಕೊಳವೆಯನ್ನಷ್ಟೇ ಸ್ಫುಟವಾಗಿಟ್ಟು, ರೆಕ್ಕೆಗಳು ಎರಡೂ ಬದಿಗೆ ಮೆಲ್ಲಗೆ ಕರಗಲು ಬಿಡುವುದು ಚೆಂದ. ಮಸುಕು ಎಲ್ಲ ಕಡೆ ದೋಷವಲ್ಲ. ಕಣ್ಣು ಮಸುಕಾದರೆ ಮಾತ್ರ ಚಿತ್ರಕ್ಕೆ ಜೀವವಿರುವುದಿಲ್ಲ.

ಕಣ್ಣಿನ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನೀಲಿ ಚಿಟ್ಟೆಗಳ ಕುಟುಂಬದ ಹಲವು ಜಾತಿಗಳಲ್ಲಿ ಹಿಂದಿನ ರೆಕ್ಕೆಯ ತುದಿಯಲ್ಲಿ ಕಪ್ಪು ಚುಕ್ಕೆ ಮತ್ತು ಎಳೆಯಂಥ ಬಾಲಗಳಿರುತ್ತವೆ. ಕುಳಿತ ಕೂಡಲೇ ಚಿಟ್ಟೆ ಹಿಂದಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜುತ್ತ ಆ ಬಾಲಗಳನ್ನು ಮೀಸೆಯಂತೆ ಆಡಿಸುತ್ತದೆ. ಹಕ್ಕಿಯ ಕೊಕ್ಕು ನಿಜವಾದ ತಲೆಯ ಬದಲು ಈ ಹುಸಿ ತಲೆಯ ಮೇಲೆ ಬಿದ್ದರೆ ಚಿಟ್ಟೆ ಒಂದು ಚೂರು ರೆಕ್ಕೆ ಕಳೆದುಕೊಂಡು ಬದುಕುತ್ತದೆ. ಛಾಯಾಗ್ರಾಹಕರ ಫೋಕಸ್ ಕೂಡ ಅವಸರದಲ್ಲಿ ಅಲ್ಲಿಗೇ ಹೋಗಿ ನಿಲ್ಲುವುದುಂಟು. ಆ ಮೂಲೆ ಹರಿದುಹೋದ ಚಿಟ್ಟೆ ಸಿಕ್ಕಿದರೆ ಬಿಟ್ಟುಬಿಡಬಾರದು. ನಿಷ್ಕಳಂಕ ರೆಕ್ಕೆಗಿಂತ ಹೆಚ್ಚಿನ ಕಥೆ ಅಲ್ಲಿದೆ.

ಸಲಕರಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಮೀಪಚಿತ್ರಕ್ಕೆಂದೇ ಮಾಡಿದ ಮ್ಯಾಕ್ರೊ ಲೆನ್ಸುಗಳಲ್ಲಿ 100 ಮಿಲಿಮೀಟರ್ ನಾಭಿದೂರದ ಆಸುಪಾಸಿನವು ಕೈಯಲ್ಲಿ ಹಿಡಿದು ಓಡಾಡಲು ಹದವಾಗಿರುತ್ತವೆ. 180 ಅಥವಾ 200 ಮಿಲಿಮೀಟರಿನವು ಅದೇ ಅನುಪಾತವನ್ನು ಹೆಚ್ಚು ದೂರದಿಂದ ಕೊಡುವುದರಿಂದ ಅಂಜುಬುರುಕ ಚಿಟ್ಟೆಗಳಿಗೆ ಅನುಕೂಲ, ಆದರೆ ಭಾರ. ಮ್ಯಾಕ್ರೊ ಲೆನ್ಸ್ ಇಲ್ಲದವರು ಇರುವ ಟೆಲಿ ಜೂಮಿನ ಮುಂದೆ ಕ್ಲೋಸಪ್ ಲೆನ್ಸ್ ತಿರುಗಿಸಿ ಹಾಕಿಕೊಳ್ಳಬಹುದು. 2 ಡಯಾಪ್ಟರ್ ಶಕ್ತಿಯ ಕ್ಲೋಸಪ್ ಲೆನ್ಸಿನ ನಾಭಿದೂರ 500 ಮಿಲಿಮೀಟರ್. ಅದನ್ನು 250 ಮಿಲಿಮೀಟರಿಗೆ ಇಟ್ಟ ಜೂಮಿಗೆ ಹಾಕಿದರೆ, ಫೋಕಸ್ ಅನಂತದಲ್ಲಿದ್ದಾಗಲೇ 1:2 ಅನುಪಾತ ಸಿಗುತ್ತದೆ, ಅದೂ ಅರ್ಧ ಮೀಟರ್ ದೂರದಿಂದ. ಚಿಟ್ಟೆಗೆ ಇದಕ್ಕಿಂತ ಹೊಂದುವ ಏರ್ಪಾಡು ಕಡಿಮೆ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಎಕ್ಸ್‌ಟೆನ್ಷನ್ ಟ್ಯೂಬುಗಳು 50 ಮಿಲಿಮೀಟರಿನಂಥ ಚಿಕ್ಕ ಲೆನ್ಸುಗಳಲ್ಲಿ ಚೆನ್ನಾಗಿ ಹಿಗ್ಗಿಸುತ್ತವೆಯಾದರೂ ಚಿಟ್ಟೆಗೆ ತೀರ ಹತ್ತಿರ ಹೋಗಬೇಕಾಗುತ್ತದೆ. ಮೊಬೈಲ್ ಫೋನಿನ ಪುಟ್ಟ ಸೆನ್ಸರಿನಲ್ಲಿ ಅದೇ ಚೌಕಟ್ಟಿಗೆ ಕಡಿಮೆ ಹಿಗ್ಗುವಿಕೆ ಸಾಕಾಗುವುದರಿಂದ ಸ್ಫುಟತೆಯ ಹಾಳೆ ದಪ್ಪವಾಗಿರುತ್ತದೆ, ಇದು ನಿಜವಾದ ಲಾಭ; ಆದರೆ ಅದರ ಮ್ಯಾಕ್ರೊ ಮೋಡ್ ಹಲವು ಫೋನುಗಳಲ್ಲಿ ಕೆಲವೇ ಸೆಂಟಿಮೀಟರ್ ಹತ್ತಿರಕ್ಕೆ ಎಳೆದೊಯ್ಯುತ್ತದೆ. ಟೆಲಿ ಕ್ಯಾಮೆರಾ ಇರುವ ಫೋನಿನಲ್ಲಿ ಅದನ್ನೇ ಬಳಸಿ ಹಿಂದೆ ನಿಲ್ಲುವುದು ಮೇಲು.

ಹತ್ತಿರ ಹೋಗುವುದು ಸಾಧ್ಯವೇ ಇಲ್ಲವೇ ಎಂಬುದು ಬಹುಮಟ್ಟಿಗೆ ಹೊತ್ತಿನ ಮೇಲೆ ನಿಂತಿದೆ. ಚಿಟ್ಟೆಯ ಮೈಯುಷ್ಣತೆ ಸುತ್ತಲಿನ ಗಾಳಿ ಮತ್ತು ಬಿಸಿಲನ್ನು ಅವಲಂಬಿಸಿದೆ. ಹೆಚ್ಚಿನ ಜಾತಿಗಳಲ್ಲಿ ಎದೆಭಾಗದ ಹಾರಾಟದ ಸ್ನಾಯುಗಳು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಾಗುವವರೆಗೆ ಅವು ಸಲೀಸಾಗಿ ಹಾರಲಾರವು. ಅದಕ್ಕಾಗಿಯೇ ಬೆಳಗಿನ ಬಿಸಿಲಿಗೆ ಕೆಲವು ರೆಕ್ಕೆ ಹರಡಿ ಬೆನ್ನು ಕಾಯಿಸುತ್ತವೆ, ಇನ್ನು ಕೆಲವು ರೆಕ್ಕೆ ಮಡಚಿಕೊಂಡೇ ಒಂದು ಬದಿಯನ್ನು ಸೂರ್ಯನಿಗೆ ಒಡ್ಡುತ್ತವೆ. ಹೀಗೆ ಮೈ ಕಾಯಿಸುವ ಹೊತ್ತು ನಮಗೆ ಅತ್ಯಂತ ಬೆಲೆಯುಳ್ಳದ್ದು: ಬೆಳಕು ಮೃದುವಾಗಿರುತ್ತದೆ, ಚಿಟ್ಟೆ ಕದಲದೆ ಕೂತಿರುತ್ತದೆ, ರೆಕ್ಕೆಯ ಸಮತಲವೂ ಸೂರ್ಯನ ದಿಕ್ಕಿಗೆ ಸ್ಥಿರವಾಗಿರುತ್ತದೆ. ನಡುಹಗಲಿನಲ್ಲಿ ಅದೇ ಚಿಟ್ಟೆ ಒಂದು ಹೂವಿನಲ್ಲಿ ಎರಡು ಸೆಕೆಂಡು ನಿಲ್ಲುವುದೂ ಕಷ್ಟ. ಮೋಡ ಸರಿದುಹೋಗುವ ದಿನಗಳಲ್ಲಿ ಬಿಸಿಲು ಮರೆಯಾದ ಕೂಡಲೇ ಹಾರಾಟ ನಿಂತು, ಮತ್ತೆ ಬಿಸಿಲು ಬಂದಾಗ ರೆಕ್ಕೆಗಳು ಬಿಚ್ಚಿಕೊಳ್ಳುವುದನ್ನು ಕಾದು ನೋಡಬಹುದು.

ಚಿಟ್ಟೆಯ ಸಂಯುಕ್ತ ಕಣ್ಣುಗಳಿಗೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಸೂಕ್ಷ್ಮ ವಿವರಗಳನ್ನು ಅವು ನಮ್ಮಷ್ಟು ಬಿಡಿಸಿ ನೋಡಲಾರವು, ಆದರೆ ಚಲನೆಯನ್ನು ಗುರುತಿಸುವುದರಲ್ಲಿ ಬಲು ಚುರುಕು. ಆದ್ದರಿಂದ ಅಡ್ಡಡ್ಡ ಸರಿಯದೆ ನೇರವಾಗಿ, ತಗ್ಗಿನಲ್ಲಿ, ನಿಂತು ನಿಂತು ಮುಂದೊತ್ತಬೇಕು. ಕ್ಯಾಮೆರಾವನ್ನು ಹತ್ತಿರ ಹೋದ ಮೇಲೆ ಮುಖಕ್ಕೆ ಎತ್ತುವ ಬದಲು ಮೊದಲೇ ಎತ್ತಿ ಹಿಡಿದಿರಬೇಕು. ನಮ್ಮ ನೆರಳು ಅದರ ಮೇಲೆ ಬೀಳಲೇಬಾರದು. ಬೆಳಕು ಥಟ್ಟನೆ ಮರೆಯಾದರೆ ಅದು ಹಾರಿತೆಂದೇ ಲೆಕ್ಕ. ಚಿಟ್ಟೆ ಕುಳಿತ ಗಿಡಕ್ಕೆ ಹೊಂದಿಕೊಂಡ ಹುಲ್ಲನ್ನು ತಾಗಿಸಿದರೂ ಅದೇ ಫಲ. ಹಾರಿದರೆ ಬೆನ್ನಟ್ಟಬಾರದು. ತಮ್ಮ ಜಾಗವನ್ನು ಕಾಯುವ ಗಂಡು ಚಿಟ್ಟೆಗಳು ಒಂದು ಸುತ್ತು ಹೋಗಿ ಅದೇ ಎಲೆಗೆ ಮರಳುವುದು ಸಾಮಾನ್ಯ. ನಾವು ಅಲ್ಲೇ ಕದಲದೆ ಇದ್ದರೆ ಎರಡನೆಯ ಸಲ ಅದು ನಮ್ಮನ್ನು ಪರಿಸರದ ಭಾಗವಾಗಿಯೇ ಒಪ್ಪಿಕೊಂಡಂತೆ ವರ್ತಿಸುತ್ತದೆ. ಒದ್ದೆ ಮಣ್ಣಿನಲ್ಲಿ ಗುಂಪುಗೂಡಿ ಉಪ್ಪಿನಂಶ ಹೀರುವ ಚಿಟ್ಟೆಗಳು, ಅವುಗಳಲ್ಲಿ ಹೆಚ್ಚಿನವು ಗಂಡು, ಆ ಕೆಲಸದಲ್ಲಿ ಎಷ್ಟು ಮಗ್ನವಾಗಿರುತ್ತವೆಂದರೆ ಮಲಗಿ ತೆವಳಿದರೆ ಕೈಯಳತೆಗೆ ಸಿಗುತ್ತವೆ.

ಗಾಳಿಯ ಲೆಕ್ಕವನ್ನೂ ಒಮ್ಮೆ ಮಾಡಿ ನೋಡುವುದು ಒಳ್ಳೆಯದು. 1:2 ಅನುಪಾತದಲ್ಲಿ ಚೌಕಟ್ಟು ಹಿಡಿಯುವ ಅಗಲ 72 ಮಿಲಿಮೀಟರ್. ಚಿತ್ರದ ಅಗಲ 6000 ಪಿಕ್ಸೆಲ್ ಆಗಿದ್ದರೆ ಒಂದೊಂದು ಮಿಲಿಮೀಟರಿಗೆ 83 ಪಿಕ್ಸೆಲ್ ಬೀಳುತ್ತವೆ. ಹೂವಿನ ತೊಟ್ಟು ಸೆಕೆಂಡಿಗೆ 2 ಸೆಂಟಿಮೀಟರ್ ವೇಗದಲ್ಲಿ, ಅಂದರೆ ತೀರ ಮೆಲ್ಲಗೆ ತೂಗುತ್ತಿದೆ ಎಂದುಕೊಳ್ಳಿ. ಶಟರ್ ವೇಗ 1/250 ಸೆಕೆಂಡ್ ಇದ್ದರೆ ಅಷ್ಟರಲ್ಲಿ ಬಿಂಬ ಆರೇಳು ಪಿಕ್ಸೆಲ್ ಸರಿದುಬಿಡುತ್ತದೆ, ರೆಕ್ಕೆಯ ನರಗಳು ಕದಡಿಹೋಗುತ್ತವೆ. 1/1000ರಲ್ಲಿ ಸರಿಯುವುದು ಎರಡು ಪಿಕ್ಸೆಲಿಗಿಂತ ಕಡಿಮೆ. ಕ್ಯಾಮೆರಾ ಅಥವಾ ಲೆನ್ಸಿನೊಳಗಿನ ಸ್ಥಿರಕಾರಕ ಹೂವಿನ ತೂಗಾಟವನ್ನು ತಡೆಯಲಾರದು, ಹಿಗ್ಗುವಿಕೆ ಹೆಚ್ಚಿದಂತೆ ಕೈಯ ಅಲುಗಾಟದ ವಿಷಯದಲ್ಲೂ ಅದರ ಶಕ್ತಿ ಕುಗ್ಗುತ್ತದೆ. ಐಎಸ್‌ಒ, ಅಂದರೆ ಸೆನ್ಸರಿನ ಬೆಳಕಿನ ಸಂವೇದನೆಯ ಮಟ್ಟ, ಏರಿಸಿ ವೇಗ ಗಳಿಸಿಕೊಳ್ಳಲು ಹಿಂಜರಿಯಬಾರದು. ಚಿತ್ರದಲ್ಲಿ ಮೂಡುವ ಕಾಳುಕಾಳನ್ನು ಆಮೇಲೆ ಕಡಿಮೆ ಮಾಡಬಹುದು, ಅಲುಗಿದ ರೆಕ್ಕೆಯನ್ನು ಸರಿಪಡಿಸಲಾಗದು. ಫ್ಲ್ಯಾಶ್ ಬಳಸಿದರೆ ಅದರ ಮಿಂಚು ಅತ್ಯಲ್ಪ ಕಾಲದ್ದಾದ್ದರಿಂದ ಚಲನೆ ಹೆಪ್ಪುಗಟ್ಟುತ್ತದೆ. ಆದರೆ ಚಿಟ್ಟೆ ಫ್ಲ್ಯಾಶಿನಿಂದ 20 ಸೆಂಟಿಮೀಟರಿನಲ್ಲಿದ್ದು ಹಿನ್ನೆಲೆ ಒಂದು ಮೀಟರಿನಲ್ಲಿದ್ದರೆ ಹಿನ್ನೆಲೆಗೆ ತಲುಪುವ ಬೆಳಕು 25ನೆಯ ಒಂದು ಭಾಗ ಮಾತ್ರ; ಹಗಲಿನ ಚಿತ್ರವೂ ನಡುರಾತ್ರಿಯದರಂತೆ ಕಾಣುತ್ತದೆ. ಬೆಳಕನ್ನು ಹರಡಿ ಮೃದುಗೊಳಿಸುವ ದೊಡ್ಡ ಡಿಫ್ಯೂಸರ್ ಹಿಡಿದು, ಸಹಜ ಬೆಳಕನ್ನೇ ಮುಖ್ಯವಾಗಿಟ್ಟು, ಫ್ಲ್ಯಾಶನ್ನು ನೆರಳು ತುಂಬುವಷ್ಟಕ್ಕೆ ಮಾತ್ರ ಇಳಿಸಿದರೆ ಈ ಕೃತಕತೆ ಹೋಗುತ್ತದೆ.

ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಬಿಳಿ ಚಿಟ್ಟೆ ಒಂದು ಪರೀಕ್ಷೆ. ಕಡು ಹಸಿರಿನ ನಡುವೆ ಸಣ್ಣದಾಗಿ ಕುಳಿತ ಬಿಳಿ ಚಿಟ್ಟೆಯನ್ನು ತೆಗೆಯುವಾಗ ಮಾಪಕ ಹಸಿರನ್ನೇ ನಂಬಿ ಬೆಳಕು ಹೆಚ್ಚಿಸುತ್ತದೆ, ರೆಕ್ಕೆಯ ನವಿರಾದ ಛಾಯೆಗಳೆಲ್ಲ ಬಿಳಿ ಕಾಗದದಂತೆ ಅಳಿಸಿಹೋಗುತ್ತವೆ. ಮುಕ್ಕಾಲಿನಿಂದ ಒಂದು ಸ್ಟಾಪಿನಷ್ಟು ಬೆಳಕು ಇಳಿಸಿ (ಒಂದು ಸ್ಟಾಪ್ ಇಳಿಸುವುದೆಂದರೆ ಬೆಳಕನ್ನು ಅರ್ಧ ಮಾಡುವುದು), ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಮಿನ ಬಲ ಅಂಚನ್ನು ನೋಡಿಕೊಳ್ಳಬೇಕು. ಕೆಲವು ಬಣ್ಣಗಳಂತೂ ನಿಂತ ಕೋನಕ್ಕೆ ತಕ್ಕಂತೆ ಹುಟ್ಟಿ ಅಳಿಯುತ್ತವೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಾರ್ಫೊ ಚಿಟ್ಟೆಗಳ ಉಜ್ವಲ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ, ಹುರುಪೆಗಳ ಸೂಕ್ಷ್ಮ ರಚನೆಯಿಂದ ಬೆಳಕು ಪ್ರತಿಫಲಿಸುವುದರಿಂದ ಬಂದದ್ದು. ಇಂಥ ರಚನಾಜನ್ಯ ಬಣ್ಣವುಳ್ಳ ಚಿಟ್ಟೆ ರೆಕ್ಕೆಯನ್ನು ಮೆಲ್ಲಗೆ ಆಡಿಸುತ್ತಿದ್ದರೆ, ಬಣ್ಣ ಹೊತ್ತಿಕೊಳ್ಳುವ ಕೋನವನ್ನು ಎರಡು ಮೂರು ಸಲ ಗಮನಿಸಿ, ಅದು ಮತ್ತೆ ಬರುವುದಕ್ಕೆ ಕಾಯಬೇಕು.

ಚೌಕಟ್ಟಿನ ಜೋಡಣೆಯಲ್ಲಿ ಎಲ್ಲಕ್ಕಿಂತ ತೂಕದ್ದು ಹಿನ್ನೆಲೆ. ಚಿಟ್ಟೆ ಲೆನ್ಸಿನಿಂದ 30 ಸೆಂಟಿಮೀಟರ್ ದೂರದಲ್ಲಿದ್ದು, ಹಿಂದಿನ ಪೊದೆ ಚಿಟ್ಟೆಯಿಂದ 2.7 ಮೀಟರ್ ಆಚೆಗಿದ್ದರೆ, ನಾವು ಪಕ್ಕಕ್ಕೆ ಕೇವಲ 5 ಸೆಂಟಿಮೀಟರ್ ಸರಿದಾಗ ಚಿಟ್ಟೆಯ ಬೆನ್ನಿಗೆ ಕಾಣುವ ಪೊದೆಯ ಜಾಗ 45 ಸೆಂಟಿಮೀಟರಿನಷ್ಟು ಬದಲಾಗುತ್ತದೆ. ಬಿಳಿಚಿದ ಕಡ್ಡಿಯೊಂದು ತಲೆಯ ಹಿಂದೆ ಅಡ್ಡ ಬಂದಿದ್ದರೆ ಅಷ್ಟರಿಂದಲೇ ಅದು ಮಾಯವಾಗುತ್ತದೆ. ಆದರೆ ಅದೇ 5 ಸೆಂಟಿಮೀಟರ್ ಕ್ಯಾಮೆರಾವನ್ನು ರೆಕ್ಕೆಗೆ ಸುಮಾರು 10 ಡಿಗ್ರಿ ಓರೆಯಾಗಿಸುತ್ತದೆ, ಮತ್ತೆ ಆ 7 ಮಿಲಿಮೀಟರಿನ ತೊಂದರೆ ತಲೆಯೆತ್ತುತ್ತದೆ. ಈ ಎರಡು ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿದ ದಿನ ನನ್ನ ಕೆಲಸದ ಕ್ರಮವೇ ಬದಲಾಯಿತು. ರೆಕ್ಕೆ ನಮ್ಮ ಜಾಗವನ್ನು ಗೊತ್ತುಮಾಡುತ್ತದೆ, ಆ ಜಾಗ ಹಿನ್ನೆಲೆಯನ್ನು ಗೊತ್ತುಮಾಡುತ್ತದೆ. ಚಿಟ್ಟೆಯ ಮುಂದೆ ಕುಳಿತ ಮೇಲೆ ಹಿನ್ನೆಲೆಯನ್ನು ಹುಡುಕುವುದಕ್ಕೆ ಅವಕಾಶ ಬಹಳ ಕಡಿಮೆ. ಹಾಗಾಗಿ ಹಿನ್ನೆಲೆ ದೂರವಿರುವ, ಬಿಡಿಯಾಗಿ ನಿಂತ ಹೂವನ್ನೋ ತೆನೆಯನ್ನೋ ಮೊದಲೇ ಆರಿಸಿಕೊಂಡು ಚಿಟ್ಟೆಗಾಗಿ ಕಾಯುವುದು, ಸಿಕ್ಕ ಚಿಟ್ಟೆಯ ಹಿಂದೆ ಹೋಗಿ ಹಿನ್ನೆಲೆಯೊಡನೆ ಹೆಣಗುವುದಕ್ಕಿಂತ ಮೇಲು. ಸಣ್ಣ ಸಣ್ಣ ಹೂಗಳು ಗೊಂಚಲಾಗಿರುವ ಗಿಡದಲ್ಲಿ ಚಿಟ್ಟೆ ಒಂದೊಂದೇ ಹೂವಿಗೆ ಹೀರುಕೊಳವೆ ಇಳಿಸುತ್ತ ತಾನೇ ತಿರುಗುತ್ತದೆ. ನಾವು ಒಳ್ಳೆಯ ಹಿನ್ನೆಲೆಗೆ ಎದುರಾಗಿ ಕುಳಿತಿದ್ದರೆ, ರೆಕ್ಕೆ ನಮ್ಮ ಕಡೆಗೆ ಬಂದು ಸಮನಾಗುವ ಒಂದೆರಡು ಸೆಕೆಂಡುಗಳು ಸಿಕ್ಕೇ ಸಿಗುತ್ತವೆ.

ಚೌಕಟ್ಟಿನೊಳಗೆ ಚಿಟ್ಟೆಯ ಮುಖದ ಕಡೆ ಹೆಚ್ಚು ಜಾಗ ಬಿಡುವುದು, ಮೀಸೆಯ ತುದಿಯನ್ನೂ ರೆಕ್ಕೆಯ ಅಂಚನ್ನೂ ಕತ್ತರಿಸದಿರುವುದು, ಓರೆಯಾದ ಕಾಂಡವನ್ನು ಮೂಲೆಯಿಂದ ಒಳಕ್ಕೆ ಬರಮಾಡಿಕೊಳ್ಳುವುದು, ಇವೆಲ್ಲ ತಿಳಿದ ಮಾತುಗಳೇ. ಕತ್ತರಿಸುವುದಾದರೆ ಅರೆಮನಸ್ಸಿನಿಂದ ಕತ್ತರಿಸಬಾರದು: ರೆಕ್ಕೆಯ ಒಂದು ಮೂಲೆಯ ಹುರುಪೆಗಳನ್ನೋ, ಸುರುಳಿ ಸುತ್ತಿದ ಹೀರುಕೊಳವೆಯನ್ನೋ ಮಾತ್ರ ತುಂಬಿಕೊಳ್ಳುವಷ್ಟು ಹತ್ತಿರ ಹೋಗಬೇಕು. ಇದಕ್ಕೆ ವಿರುದ್ಧ ದಿಕ್ಕಿನ ಹಾದಿಯೂ ಇದೆ, ನನಗೆ ಅದು ಹೆಚ್ಚು ಪ್ರಿಯ. 1699ರಲ್ಲಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋಗಿ, ಅಲ್ಲಿನ ಕೀಟಗಳ ಚಿತ್ರಗಳನ್ನು 1705ರಲ್ಲಿ ಪ್ರಕಟಿಸಿದ ಚಿತ್ರಕಲಾವಿದೆ ಮರಿಯಾ ಸಿಬಿಲಾ ಮೆರಿಯನ್ ಚಿಟ್ಟೆಯನ್ನು ಬಿಳಿ ಹಾಳೆಯ ಮೇಲೆ ಒಂಟಿಯಾಗಿ ಬರೆಯಲಿಲ್ಲ. ಮರಿಹುಳು, ಕೋಶ, ತಿಂದು ತೂತಾದ ಎಲೆ, ಇವೆಲ್ಲದರ ಜೊತೆ ಒಂದು ಗಿಡದ ಬದುಕಾಗಿ ಬರೆದರು. ಮೊಟ್ಟೆಯಿಡಲು ಬಂದ ಹೆಣ್ಣು ಚಿಟ್ಟೆ ಎಲೆಯನ್ನು ಕಾಲಿನಿಂದ ತಟ್ಟಿ ರುಚಿ ನೋಡಿ, ಹೊಟ್ಟೆಯನ್ನು ಬಾಗಿಸಿ ಎಲೆಯಡಿಗೆ ಒಂದು ಮೊಟ್ಟೆ ಅಂಟಿಸುವ ಆ ಒಂದೆರಡು ಸೆಕೆಂಡುಗಳ ಚಿತ್ರದಲ್ಲಿ ಗಿಡವೂ ಗುರುತು ಹಿಡಿಯುವಂತಿದ್ದರೆ, ಅದರ ಬೆಲೆ ಮಸುಕು ಹಸಿರಿನ ಮುಂದಿನ ಹತ್ತು ಚಿತ್ರಗಳಿಗಿಂತ ಹೆಚ್ಚು.

ಇಷ್ಟೆಲ್ಲ ಶ್ರಮವನ್ನು ತಪ್ಪಿಸಿಕೊಳ್ಳಲು ಕೆಲವರು ಚಿಟ್ಟೆಯನ್ನು ಹಿಡಿದು ತಂಪು ಪೆಟ್ಟಿಗೆಯಲ್ಲಿಟ್ಟು ಜಡಗೊಳಿಸಿ ಹೂವಿನ ಮೇಲೆ ಕೂರಿಸುತ್ತಾರೆ. ಇದು ಕ್ರೂರವೂ ಹೌದು, ಸುಳ್ಳೂ ಹೌದು. ಅಂಥ ಚಿತ್ರದಲ್ಲಿ ಕಾಲುಗಳು ಹೂವನ್ನು ಹಿಡಿದಿರುವುದಿಲ್ಲ, ಹೀರುಕೊಳವೆ ಹೂವಿನ ಕಡೆ ಚಾಚಿರುವುದಿಲ್ಲ, ಕುಳಿತ ಭಂಗಿ ಆ ಜಾತಿಗೆ ಒಗ್ಗುವುದಿಲ್ಲ. ನೋಡಿ ಅಭ್ಯಾಸವಿದ್ದವರಿಗೆ ಕೂಡಲೇ ತಿಳಿಯುತ್ತದೆ. ರೆಕ್ಕೆಯನ್ನು ಬೆರಳಿನಿಂದ ಮುಟ್ಟಿದರೆ ಪುಡಿಯಂತೆ ಅಂಟಿಕೊಳ್ಳುವುದು ಅದರ ಹುರುಪೆಗಳು, ಅವು ಮತ್ತೆ ಬೆಳೆಯುವುದಿಲ್ಲ. ಅಡ್ಡ ಬಂದ ಹುಲ್ಲನ್ನು ಕೀಳುವ ಬದಲು ಪಕ್ಕಕ್ಕೆ ಬಾಗಿಸಿ, ಕೆಲಸ ಮುಗಿದ ಮೇಲೆ ಬಿಡಬೇಕು. ಬಾಲ ಸೇರಿಸಿ ಕೂಡಿರುವ ಜೋಡಿ ಹೆಚ್ಚು ಹೊತ್ತು ಒಂದೇ ಕಡೆ ಇರುತ್ತದೆಂಬ ಕಾರಣಕ್ಕೆ ಅದನ್ನು ಸುತ್ತುವರಿದು ಹಾರಿಸುವುದೂ ತಪ್ಪೇ.

ಕದಲದ ಚಿಟ್ಟೆಯೇ ಬೇಕಾದವರಿಗೆ ಸೂರ್ಯೋದಯಕ್ಕೆ ಮುಂಚಿನ ಹೊತ್ತು ಇದ್ದೇ ಇದೆ. ರಾತ್ರಿ ಹುಲ್ಲಿನ ಕಡ್ಡಿಗೆ ಅಂಟಿಕೊಂಡು ಮಲಗಿದ ಚಿಟ್ಟೆ ಆಗ ರೆಕ್ಕೆ ಮಡಚಿ, ಮೈತುಂಬ ಇಬ್ಬನಿ ಹೊತ್ತು, ಸಂಪೂರ್ಣ ನಿಶ್ಚಲವಾಗಿರುತ್ತದೆ. ಟ್ರೈಪಾಡ್ ಊರಿ, ಸೆಕೆಂಡಿನಷ್ಟು ದೀರ್ಘ ಶಟರ್ ಇಟ್ಟು, ಫೋಕಸನ್ನು ಒಂದೊಂದೇ ಮಿಲಿಮೀಟರ್ ಮುಂದೆ ಸರಿಸುತ್ತ ಹತ್ತಿಪ್ಪತ್ತು ಚಿತ್ರ ತೆಗೆದು, ಆಮೇಲೆ ತಂತ್ರಾಂಶದಲ್ಲಿ ಎಲ್ಲವುಗಳ ಸ್ಫುಟ ಭಾಗಗಳನ್ನು ಒಂದುಗೂಡಿಸಬಹುದು. ಫೋಕಸ್ ಸ್ಟ್ಯಾಕಿಂಗ್ ಎಂಬ ಈ ವಿಧಾನದಲ್ಲಿ ಎರಡೂ ಮೀಸೆಗಳು, ಆರು ಕಾಲುಗಳು, ಕಣ್ಣಿನ ಮೇಲಿನ ಹನಿ, ಎಲ್ಲವೂ ಸ್ಫುಟವಾಗುತ್ತವೆ. ಗಾಳಿ ಏಳುವವರೆಗೆ ಮಾತ್ರ ಇದು ಸಾಧ್ಯ. ಮೊದಲ ಬಿಸಿಲು ತಾಗಿದ ಸ್ವಲ್ಪ ಹೊತ್ತಿಗೆ ಮೀಸೆಗಳು ಅಗಲವಾಗುತ್ತವೆ, ಚಿಟ್ಟೆ ಕಡ್ಡಿಯ ಮೇಲೆ ಒಂದೆರಡು ಹೆಜ್ಜೆ ಏರಿ ಬಿಸಿಲಿಗೆ ತಿರುಗುತ್ತದೆ, ಹನಿಗಳು ಉದುರುತ್ತವೆ, ರೆಕ್ಕೆಗಳು ಇಷ್ಟಿಷ್ಟೇ ಬಿಚ್ಚಿಕೊಳ್ಳುತ್ತವೆ. ಅಷ್ಟು ಹೊತ್ತು ನಮ್ಮೆದುರು ಗೋಡೆಯಂತೆ ನಿಂತಿದ್ದ ಸಮತಲ ಈಗ ಆಕಾಶಕ್ಕೆ ಮುಖ ಮಾಡಿ ಮಲಗಿರುತ್ತದೆ. ಟ್ರೈಪಾಡಿನಿಂದ ಕ್ಯಾಮೆರಾ ಬಿಡಿಸಿಕೊಂಡು, ನೆರಳು ಬೀಳದ ಕಡೆಯಿಂದ ಮೆಲ್ಲಗೆ ಎದ್ದು, ಅದರ ಮೇಲಕ್ಕೆ ಬಾಗಬೇಕಾದ ಹೊತ್ತು ಅದು.